ಹರಡಿಗಿಂತ ಮುಂದೆ ಬಿದ್ದ ಪೆಟ್ಟು: ಪಾದದ ನಡುಭಾಗ ಉಳುಕಿದರೆ, ಮುರಿದರೆ ಏನು ಮಾಡಬೇಕು

ಮಳೆಗಾಲದಲ್ಲಿ ಮಲೆನಾಡಿನ ಅಂಗಳ, ಬಾವಿಕಟ್ಟೆ, ಬಚ್ಚಲ ಹೊರಗಿನ ಹಾಸುಗಲ್ಲು, ತೋಟಕ್ಕೆ ಇಳಿಯುವ ಮೆಟ್ಟಿಲು, ಹಳ್ಳ ದಾಟುವ ಕಾಲುಸಂಕ, ಎಲ್ಲದಕ್ಕೂ ಹಾವಸೆ ಹಿಡಿಯುತ್ತದೆ. ಜಾರಿದವರಲ್ಲಿ ಹೆಚ್ಚಿನವರಿಗೆ ಪೆಟ್ಟಾಗುವುದು ಹರಡಿಗೆ, ಅಂದರೆ ಆ್ಯಂಕಲ್‌ಗೆ. ಕೆಲವು ದಿನ ಕುಂಟುತ್ತಾರೆ, ಆಮೇಲೆ ಸರಿಹೋಗುತ್ತಾರೆ. ಆದರೆ ಕೆಲವರ ನೋವು ಹರಡಿಗಿಂತ ಮುಂದೆ ಇರುತ್ತದೆ. ಪಾದದ ಮೇಲ್ಭಾಗದಲ್ಲಿ, ಚಪ್ಪಲಿ ಪಟ್ಟಿ ಕೂರುವ ಜಾಗದ ಆಸುಪಾಸು. ಮನೆಯವರು ಅದನ್ನೂ ಉಳುಕು ಎಂದೇ ಲೆಕ್ಕ ಹಾಕುತ್ತಾರೆ. ಎಣ್ಣೆ ಹಚ್ಚಿ ನೀವುತ್ತಾರೆ. ಎರಡು ದಿನ ಬಿಟ್ಟು ಗದ್ದೆಗೆ ಇಳಿಯುತ್ತಾರೆ. ತಿಂಗಳು ಕಳೆದರೂ ಬಾವು ಇಳಿದಿರುವುದಿಲ್ಲ. ಪಾದದ ಕಮಾನು ಸ್ವಲ್ಪ ಚಪ್ಪಟೆಯಾಗಿರುತ್ತದೆ. ಆಸ್ಪತ್ರೆ ನೆನಪಾಗುವುದು ಆಗ.

ನಾನು ಫಿಸಿಯೊಥೆರಪಿ ಕೆಲಸದವನು. ನಮ್ಮ ಕೈಗೆ ಇಂಥ ಕಾಲು ಬರುವುದೇ ತಡವಾಗಿ. ಆಪರೇಷನ್ ಮಾಡುವುದು, ಬಿಡುವುದು ಮೂಳೆ ಡಾಕ್ಟರ ತೀರ್ಮಾನ. ಆದರೆ ಸರಿಯಾದ ಪರೀಕ್ಷೆ ಆಗುವಂತೆ ನೋಡಿಕೊಳ್ಳುವುದು ಮತ್ತು ಆಮೇಲಿನ ಆರೆಂಟು ವಾರವನ್ನು ಮನೆಯಲ್ಲಿ ನಿಭಾಯಿಸುವುದು ನಿಮ್ಮ ಕೈಯಲ್ಲಿದೆ. ಮಲಗಿಸಿ ತೆಗೆದ ಎಕ್ಸ್-ರೇ ಚೆನ್ನಾಗಿದೆ ಎಂದ ಮಾತ್ರಕ್ಕೆ ಪಾದವೂ ಚೆನ್ನಾಗಿದೆ ಎಂದುಕೊಳ್ಳಬೇಡಿ. ಉಳಿದದ್ದನ್ನು ಮರೆತರೂ ಇದೊಂದು ನೆನಪಿರಲಿ.

ಪಾದದ ನಡುವೆ ಏನಿದೆ

ಪಾದವನ್ನು ಮೂರು ಪಾಲು ಮಾಡಿ ನೋಡಿ. ಹಿಂದೆ ಹಿಮ್ಮಡಿಯ ಭಾಗ. ಮುಂದೆ ಬೆರಳುಗಳು ಮತ್ತು ಅವುಗಳ ಹಿಂದಿನ ಐದು ಉದ್ದ ಮೂಳೆಗಳು. ಇವಕ್ಕೆ ಮೆಟಟಾರ್ಸಲ್ ಎನ್ನುತ್ತಾರೆ. ನಡುವೆ ಐದು ಚಿಕ್ಕ ಮೂಳೆಗಳಿವೆ. ಒಳಬದಿಗೆ ನೇವಿಕ್ಯುಲರ್, ಅದರ ಮುಂದೆ ಮೂರು ಕ್ಯೂನಿಫಾರ್ಮ್, ಹೊರಬದಿಗೆ ಕ್ಯೂಬಾಯ್ಡ್. ಪಾದದ ಒಳಬದಿಯಲ್ಲಿ ನೆಲಕ್ಕೆ ತಾಗದ ಕಮಾನು ಇದೆಯಲ್ಲ, ಅದು ನಿಂತಿರುವುದು ಇವುಗಳ ಮೇಲೆ.

ಮೆಟಟಾರ್ಸಲ್‌ಗಳ ಬುಡ ಈ ಚಿಕ್ಕ ಮೂಳೆಗಳನ್ನು ಸೇರುವ ಸಾಲಿಗೆ ಲಿಸ್‌ಫ್ರಾಂಕ್ ಸಂದು ಎಂದು ಹೆಸರು. ಜಾಕ್ ಲಿಸ್‌ಫ್ರಾಂಕ್ ನೆಪೋಲಿಯನ್ ಕಾಲದ ಫ್ರೆಂಚ್ ಸರ್ಜನ್. ಆತ ಪ್ರಸಿದ್ಧನಾದದ್ದು ಈ ಸಾಲಿನಲ್ಲಿ ಪಾದ ಕತ್ತರಿಸುವ ವಿಧಾನಕ್ಕೆ. ಈಗ ಅದೇ ಹೆಸರು ಪಾದ ಉಳಿಸುವ ಚಿಕಿತ್ಸೆಗೆ ಅಂಟಿಕೊಂಡಿದೆ.

ಎರಡನೇ ಬೆರಳಿನ ಮೆಟಟಾರ್ಸಲ್ ಬುಡ ಮಾತ್ರ ಅಕ್ಕಪಕ್ಕದವುಗಳಿಗಿಂತ ಹಿಂದೆ ಸರಿದು, ಕ್ಯೂನಿಫಾರ್ಮ್‌ಗಳ ನಡುವಿನ ಗುಳಿಯಲ್ಲಿ ಕೂತಿದೆ. ಹಳೇ ಮನೆಗಳಲ್ಲಿ ಬಡಗಿ ಮೊಳೆ ಹೊಡೆಯದೆ ತೊಲೆಯನ್ನು ಕಂಬದ ಗುಳಿಗೆ ಕೂರಿಸುತ್ತಿದ್ದನಲ್ಲ, ಹಾಗೆ. ಇಡೀ ಸಾಲು ಅಲುಗಾಡದಂತೆ ಹಿಡಿದಿರುವುದು ಈ ಕೂಡು. ಒಳಬದಿಯ ಕ್ಯೂನಿಫಾರ್ಮ್‌ನಿಂದ ಎರಡನೇ ಮೆಟಟಾರ್ಸಲ್ ಬುಡಕ್ಕೆ ಓರೆಯಾಗಿ ಹೋಗುವ ಗಟ್ಟಿ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟುವ ನಾರಿನ ಪಟ್ಟಿ, ಅದನ್ನು ಬಿಗಿಯುತ್ತದೆ. ಮೊದಲನೇ ಮತ್ತು ಎರಡನೇ ಮೆಟಟಾರ್ಸಲ್ ಬುಡಗಳ ಮಧ್ಯೆ ನೇರವಾಗಿ ಕಟ್ಟುವ ಲಿಗಮೆಂಟ್ ಇಲ್ಲ. ಹಾಗಾಗಿ ಆ ಓರೆ ಲಿಗಮೆಂಟ್ ಹರಿದರೆ ಅಲ್ಲಿ ಹಿಡಿತ ತಪ್ಪುತ್ತದೆ. ಒಂದು ಮೂಳೆಯೂ ಮುರಿಯದೆ ಇದು ಆಗಬಹುದು. ತೊಂದರೆ ಇರುವುದೇ ಇಲ್ಲಿ. ಮುರಿದ ಮೂಳೆ ಎಕ್ಸ್-ರೇಯಲ್ಲಿ ಕಾಣುತ್ತದೆ, ಹರಿದ ಲಿಗಮೆಂಟ್ ಕಾಣುವುದಿಲ್ಲ.

ಯಾವ ಬಗೆಯ ಪೆಟ್ಟಿಗೆ ಅನುಮಾನ ಪಡಬೇಕು

ಕಾಲು ಹೇಗೆ ಸಿಕ್ಕಿಕೊಂಡಿತು ಎಂಬುದನ್ನು ಬಿದ್ದವರಿಂದ ಬಿಡಿಸಿ ಕೇಳಿ. ಬೆರಳುಗಳು ನೆಲದಲ್ಲಿ ಊರಿ, ಹಿಮ್ಮಡಿ ಮೇಲೆದ್ದು, ಮೈಭಾರ ಮೇಲಿಂದ ಬಿದ್ದರೆ ಪಾದ ನಡುವಿನಲ್ಲಿ ಮಡಚುತ್ತದೆ. ಮೆಟ್ಟಿಲು ತಪ್ಪಿದಾಗ, ಗದ್ದೆ ಅಂಚಿನಿಂದ ಕೆಳಗೆ ಕಾಲಿಟ್ಟಾಗ, ವಾಲಿಬಾಲ್‌ನಲ್ಲಿ ಹಾರಿ ಇಳಿಯುವಾಗ, ಕಬಡ್ಡಿಯಲ್ಲಿ ಮುಂಗಾಲು ಊರಿದವನ ಹಿಮ್ಮಡಿ ಮೇಲೆ ಇನ್ನೊಬ್ಬ ಬಿದ್ದಾಗ ಆಗುವುದು ಇದೇ.

ಇನ್ನೊಂದು ಬಗೆ, ಮುಂಗಾಲು ಸಿಕ್ಕಿಕೊಂಡು ಮೈ ತಿರುಚುವುದು. ಕಾಲುಸಂಕದ ಎರಡು ಮರದ ನಡುವೆ ಪಾದ ತೂರಿತು, ಮೈ ಒಂದು ಕಡೆ ವಾಲಿತು ಅಂದುಕೊಳ್ಳಿ. ಕೆಸರುಗದ್ದೆ ಓಟದಲ್ಲೂ ಇಂಥದ್ದು ನಡೆಯುತ್ತದೆ. ಬೈಕ್ ಮಗುಚಿ ಪಾದ ಅಡಿಯಲ್ಲಿ ಸಿಕ್ಕಿದರೆ, ಮರದ ದಿಮ್ಮಿ ಪಾದದ ಮೇಲೆ ಉರುಳಿದರೆ, ಅಡಿಕೆ ಮರದಿಂದ ಬಿದ್ದರೆ ಪೆಟ್ಟು ಇನ್ನೂ ಜೋರಾಗಿರುತ್ತದೆ. ಅಲ್ಲಿ ಯಾರಿಗೂ ಅನುಮಾನ ಇರುವುದಿಲ್ಲ, ನೇರ ಆಸ್ಪತ್ರೆಗೆ ಹೋಗುತ್ತಾರೆ. ತಪ್ಪಿಹೋಗುವುದು ಸಣ್ಣದಾಗಿ ಕಾಣುವ ಪೆಟ್ಟುಗಳೇ. ಲಿಸ್‌ಫ್ರಾಂಕ್ ಪೆಟ್ಟುಗಳಲ್ಲಿ ಸುಮಾರು ಐದರಲ್ಲಿ ಒಂದು ಮೊದಲ ಭೇಟಿಯಲ್ಲಿ ಪತ್ತೆಯಾಗುವುದಿಲ್ಲ ಎಂದು ಮೂಳೆ ವೈದ್ಯರ ಪುಸ್ತಕಗಳೇ ಹೇಳುತ್ತವೆ.

ಬಿದ್ದ ಕೂಡಲೇ

ಕೂರಿಸಿ. ಎಬ್ಬಿಸಿ ನಡೆಸಿ ನೋಡುವ ಆತುರ ಬೇಡ. ಗಂಬೂಟು ಅಥವಾ ಶೂ ಇದ್ದರೆ ಬಾವು ಏರುವ ಮೊದಲೇ ನಿಧಾನವಾಗಿ ತೆಗೆಯಿರಿ. ಎಳೆದರೆ ಜೀವ ಹೋಗುವಷ್ಟು ನೋವು ಎಂದಾದರೆ ಕತ್ತರಿಸಿ. ಗಂಬೂಟಿನ ಮುಖ ನೋಡಬೇಡಿ. ಕಾಲುಂಗುರ, ಕಾಲ್ಗೆಜ್ಜೆ ತೆಗೆಯಿರಿ. ಬಾವು ಬಂದ ಮೇಲೆ ಅವು ಕಚ್ಚಿಕೊಳ್ಳುತ್ತವೆ.

ಕಾಲನ್ನು ದಿಂಬಿನ ಮೇಲೆ, ಎದೆಗಿಂತ ಎತ್ತರಕ್ಕೆ ಇಡಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ, ತೆಗೆಯಿರಿ, ಒಂದೆರಡು ಗಂಟೆ ಬಿಟ್ಟು ಮತ್ತೆ ಇಡಿ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಇದ್ದರೆ ಪುಣ್ಯ, ಐಸ್ ಎಲ್ಲಿಂದ? ಬಾವಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಆಗಾಗ ಬದಲಿಸಿದರೂ ನಡೆಯುತ್ತದೆ. ಹಂಡೆಯ ಬಿಸಿನೀರಿನ ಕಾವು ಮಾತ್ರ ಮೊದಲ ಎರಡು ಮೂರು ದಿನ ಬೇಡವೇ ಬೇಡ. ಬಾವು ಏರುತ್ತದೆ.

ಪಾದ ಅಲುಗದಂತೆ ದಪ್ಪ ರಟ್ಟು ಅಥವಾ ದಿಂಬು ಕೊಟ್ಟು ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ಬೆರಳುಗಳು ಹೊರಗೆ ಕಾಣುತ್ತಿರಲಿ. ಅವು ತಣ್ಣಗಾದರೆ, ಬಿಳಿಚಿದರೆ ಅಥವಾ ನೀಲಿಯಾದರೆ ಕಟ್ಟು ಸಡಿಲಿಸಿ.

ಇನ್ನು ನೀವುವ ವಿಷಯ. ಉಳುಕು ತೆಗೆಯುವವರ ಮೇಲೆ ನನಗೆ ದ್ವೇಷವಿಲ್ಲ. ಬೆನ್ನು ಹಿಡಿದುಕೊಂಡಾಗ, ಕುತ್ತಿಗೆ ಬಿಗಿದಾಗ ಊರಿನಲ್ಲಿ ಅವರೇ ಮೊದಲು ಸಿಗುವವರು. ಆದರೆ ಪಾದದ ನಡುವೆ ಬಾವು ಬಂದಿದ್ದರೆ ಎಳೆಯುವುದು, ತಿರುಚುವುದು, 'ಟಕ್' ಎಂದು ಶಬ್ದ ಬರಿಸುವುದು ಅಪಾಯ. ಅರ್ಧ ಹರಿದ ಲಿಗಮೆಂಟ್ ಪೂರ್ತಿ ಹರಿಯಬಹುದು. ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟುವುದು ಇನ್ನೂ ಕೆಟ್ಟದ್ದು. ಬಾವು ಹೊರಗೆ ಬರಲು ಜಾಗವಿಲ್ಲದೆ ರಕ್ತದ ಓಡಾಟವೇ ನಿಲ್ಲಬಹುದು. ಎಕ್ಸ್-ರೇ ಆಗುವವರೆಗೆ ಯಾರೂ ಮುಟ್ಟುವುದು ಬೇಡ. ಮನೆಯ ಹಿರಿಯರು ಒತ್ತಾಯ ಮಾಡಿದರೆ 'ಫೋಟೋ ತೆಗೆಸಿಕೊಂಡು ಬಂದು ನೋಡೋಣ ಅಜ್ಜಿ' ಎನ್ನಿ. ಜಗಳವೂ ಆಗುವುದಿಲ್ಲ.

ಮನೆಯಲ್ಲೇ ನೋಡಬಹುದಾದ ಗುರುತುಗಳು

ಮೊದಲು ಅಂಗಾಲು ನೋಡಿ. ಹೆಚ್ಚಿನವರು ಪಾದದ ಮೇಲ್ಭಾಗ ನೋಡಿ ಸುಮ್ಮನಾಗುತ್ತಾರೆ. ಪೆಟ್ಟು ಬಿದ್ದ ದಿನವೋ ಮರುದಿನವೋ ಅಂಗಾಲಿನ ನಡುವೆ, ಕಮಾನಿನ ಜಾಗದಲ್ಲಿ, ನೇರಳೆ ಬಣ್ಣದ ರಕ್ತದ ಕಲೆ ಕಂಡರೆ ಅದು ಲಿಸ್‌ಫ್ರಾಂಕ್ ಪೆಟ್ಟಿನ ಬಲವಾದ ಸೂಚನೆ. ಹರಡು ಉಳುಕಿದರೆ ಕಲೆ ಬರುವುದು ಸಾಮಾನ್ಯವಾಗಿ ಹರಡಿನ ಕೆಳಗೆ, ಹಿಮ್ಮಡಿಯ ಪಕ್ಕ. ಅಂಗಾಲಿನ ನಡುವೆ ಬಂದರೆ ಎಕ್ಸ್-ರೇ ಆಗಲೇಬೇಕು.

ಆಮೇಲೆ ಒಂದೇ ಬೆರಳಿನಿಂದ ಮೆಲ್ಲಗೆ ಒತ್ತಿ ನೋವಿನ ಜಾಗ ಹುಡುಕಿ. ಕೈತುಂಬ ಹಿಸುಕಿದರೆ ಎಲ್ಲ ಕಡೆಯೂ ನೋಯುತ್ತದೆ, ಏನೂ ಗೊತ್ತಾಗುವುದಿಲ್ಲ. ಒಳಬದಿಯಲ್ಲಿ ಹರಡಿಗಿಂತ ಮುಂದೆ ಉಬ್ಬಿದ ಮೂಳೆ ಸಿಗುತ್ತದೆ, ಅದು ನೇವಿಕ್ಯುಲರ್. ಹೊರಬದಿಯಲ್ಲಿ ಪಾದದ ಅಂಚಿನ ಮಧ್ಯೆ ಇನ್ನೊಂದು ಉಬ್ಬು, ಅದು ಐದನೇ ಮೆಟಟಾರ್ಸಲ್‌ನ ಬುಡ. ಈ ಎರಡರಲ್ಲಿ ಒಂದು ಒತ್ತಿದಾಗ ನೋಯುತ್ತಿದ್ದರೆ, ಅಥವಾ ಬಿದ್ದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ ಎರಡೂ ಸಲ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಪಾದದ ಎಕ್ಸ್-ರೇ ಬೇಕು ಎಂದು ಒಟ್ಟಾವಾ ನಿಯಮ ಹೇಳುತ್ತದೆ. ಕೆನಡಾದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮ ಇದು. ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಆದರೆ ಇದು ಮೂಳೆ ಮುರಿತಕ್ಕೆ ಮಾಡಿದ ನಿಯಮ. ಹೆಬ್ಬೆರಳು ಮತ್ತು ಎರಡನೇ ಬೆರಳಿನ ಸಾಲಿನಲ್ಲಿ ಪಾದದ ಮೇಲೆ ನೋವಿದ್ದರೆ, ನಾಲ್ಕು ಹೆಜ್ಜೆ ನಡೆದರೂ ತೋರಿಸಿಕೊಳ್ಳಿ.

ಸ್ವಲ್ಪ ದಿನ ಕಳೆದು 'ಆರಾಮಿದೆ' ಎನ್ನುವವರಿಗೆ ಇನ್ನೊಂದು ಪರೀಕ್ಷೆ ಇದೆ. ಗೋಡೆ ಹಿಡಿದು, ಪೆಟ್ಟಾದ ಒಂದೇ ಕಾಲಿನ ತುದಿಬೆರಳ ಮೇಲೆ ನಿಲ್ಲಲು ಹೇಳಿ. ಪಾದದ ನಡುವೆ ಪೆಟ್ಟು ಉಳಿದಿದ್ದರೆ, ಸಪಾಟಾಗಿ ನಡೆಯುವವರಿಗೂ ಇದನ್ನು ಮಾಡುವುದು ಕಷ್ಟ. ಬಿದ್ದ ದಿನವೇ ಮಾಡಿಸಬೇಡಿ.

ಕೆಲವು ಸಂದರ್ಭದಲ್ಲಿ ಇದೆಲ್ಲ ನೋಡುತ್ತ ಕೂರಬಾರದು. ಪಾದದ ಆಕಾರ ಬದಲಾಗಿದೆ, ಚರ್ಮ ಹರಿದು ಮೂಳೆ ಕಾಣುತ್ತಿದೆ, ಬೆರಳು ತಣ್ಣಗಾಗಿ ಮರಗಟ್ಟಿದೆ, ಪಾದ ಬಿಗಿದು ಹೊಳೆಯುವಷ್ಟು ಊದಿದೆ, ಮಾತ್ರೆಗೆ ಜಗ್ಗದ ನೋವು ಬೆರಳು ಅಲುಗಿಸಿದರೆ ಇನ್ನೂ ಏರುತ್ತದೆ ಎಂದಾದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಇಲ್ಲಿ ದಿನದ ಲೆಕ್ಕ ಇಲ್ಲ, ಗಂಟೆಯ ಲೆಕ್ಕ. ಇಂಥವರಿಗೆ ಕಾಫಿ, ಗಂಜಿ ಏನೂ ಕೊಡಬೇಡಿ. ತುರ್ತಾಗಿ ಆಪರೇಷನ್ ಮಾಡಬೇಕಾದರೆ ಅರಿವಳಿಕೆಗೆ ಹೊಟ್ಟೆ ಖಾಲಿ ಇರಬೇಕು. ಪ್ರೀತಿಯಿಂದ ಕುಡಿಸಿದ ಒಂದು ಲೋಟ ಹಾಲಿನಿಂದ ಆಪರೇಷನ್ ಗಂಟೆಗಟ್ಟಲೆ ಮುಂದೆ ಹೋಗುತ್ತದೆ.

ಆಸ್ಪತ್ರೆಯಲ್ಲಿ ಏನು ಕೇಳಬೇಕು

ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬದ ಕಡೆಯವರು ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗುವುದೇ ಸರಿ. ಅಲ್ಲಿ ಎಕ್ಸ್-ರೇ ಆಗುತ್ತದೆ, ಸ್ಲ್ಯಾಬ್ (ಕಾಲಿನ ಒಂದೇ ಬದಿಗೆ ಇಟ್ಟು ಬಟ್ಟೆ ಸುತ್ತುವ ಅರೆ ಪ್ಲಾಸ್ಟರ್) ಹಾಕುತ್ತಾರೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಸ್ಲ್ಯಾಬ್ ಇಲ್ಲದೆ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಅಷ್ಟು ದೂರ ಬಂದರೆ ಇಳಿಯುವಾಗ ಪಾದ ಎರಡರಷ್ಟಾಗಿರುತ್ತದೆ. ಸಿಟಿ ಸ್ಕ್ಯಾನ್, ಎಂಆರ್‌ಐ ಅಥವಾ ಆಪರೇಷನ್ ಬೇಕಾದರೆ ಶಿವಮೊಗ್ಗ. ಸರ್ಕಾರಿ ಕಡೆಯಲ್ಲಿ ಸಿಮ್ಸ್ ಮೆಡಿಕಲ್ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆ ಇದೆ.

ಈಗ ಎಕ್ಸ್-ರೇ. ಪಾದಕ್ಕೆ ಮೂರು ಕೋನ ಬೇಕು: ಮೇಲಿನಿಂದ, ಪಕ್ಕದಿಂದ, ಮತ್ತು ಸುಮಾರು 30 ಡಿಗ್ರಿ ಓರೆಯಾಗಿ. ಹರಡಿನ ಎಕ್ಸ್-ರೇ ಮಾತ್ರ ತೆಗೆದು ಕಳಿಸಿದ್ದರೆ ಪಾದದ ನಡುಭಾಗ ಅದರಲ್ಲಿ ಸರಿಯಾಗಿ ಬಂದಿರುವುದಿಲ್ಲ. ಚೀಟಿಯಲ್ಲಿ ಏನು ಬರೆದಿದ್ದಾರೆ ನೋಡಿಕೊಳ್ಳಿ.

ಮಲಗಿದ್ದಾಗ ಪಾದದ ಮೇಲೆ ಭಾರವಿಲ್ಲ. ಲಿಗಮೆಂಟ್ ಹರಿದಿದ್ದರೂ ಮೂಳೆಗಳು ತಮ್ಮ ಜಾಗದಲ್ಲೇ ಕೂತಿರಬಹುದು. ಎದ್ದು ನಿಂತಾಗ ಅವು ದೂರ ಸರಿಯುತ್ತವೆ. ಅದಕ್ಕೇ ಎರಡೂ ಪಾದಗಳ ಮೇಲೆ ಭಾರ ಹಾಕಿ, ನಿಂತು ತೆಗೆದ ಎಕ್ಸ್-ರೇ ಬೇಕು. ಎರಡೂ ಪಾದ ಯಾಕೆಂದರೆ, ಒಬ್ಬೊಬ್ಬರ ಪಾದ ಒಂದೊಂದು ತರ. ನಿಮ್ಮ ಒಳ್ಳೆಯ ಪಾದವೇ ಹೋಲಿಕೆಗೆ ಅಳತೆ. ಮೊದಲನೇ ಮತ್ತು ಎರಡನೇ ಮೆಟಟಾರ್ಸಲ್ ಬುಡಗಳ ನಡುವಿನ ಅಂತರ 2 ಮಿಲಿಮೀಟರ್ ದಾಟಿದರೆ, ಅಥವಾ ಒಳ್ಳೆಯ ಕಾಲಿಗಿಂತ ಎದ್ದು ಕಾಣುವಷ್ಟು ಜಾಸ್ತಿಯಾದರೆ ಅನುಮಾನ ಗಟ್ಟಿಯಾಗುತ್ತದೆ. ಆ ಸಂದಿಯಲ್ಲಿ ಅಕ್ಕಿನುಚ್ಚಿನಷ್ಟು ಮೂಳೆಯ ಚೂರು ಕಾಣುವುದೂ ಉಂಟು. ಲಿಗಮೆಂಟ್ ತನ್ನ ಜೊತೆ ಕಿತ್ತುಕೊಂಡು ಬಂದ ಚೂರು ಅದು. ಪಕ್ಕದಿಂದ ತೆಗೆದ ಚಿತ್ರದಲ್ಲಿ ಕಮಾನು ಕುಸಿದಿದೆಯೇ ಎಂದೂ ನೋಡುತ್ತಾರೆ.

ಬಿದ್ದ ದಿನ ನಿಲ್ಲಲು ಆಗುವುದಿಲ್ಲ, ಅಲ್ವಾ? ಪರವಾಗಿಲ್ಲ. ಸ್ಲ್ಯಾಬ್ ಹಾಕಿಸಿಕೊಂಡು, ಭಾರ ಹಾಕದೆ ಇದ್ದು, 10–14 ದಿನದ ಹೊತ್ತಿಗೆ ನೋವು ಇಳಿದಾಗ ನಿಂತು ತೆಗೆಸಿ. ಈ ಎರಡನೇ ಭೇಟಿಯನ್ನೇ ನಮ್ಮ ಜನ ತಪ್ಪಿಸುವುದು. ನಾಟಿ, ಔಷಧಿ ಹೊಡೆಯುವ ಕೆಲಸ, ಬಸ್ಸಿಲ್ಲ, ಮಳೆ, ಕಾರಣ ಏನೋ ಒಂದು ಇರುತ್ತದೆ. 'ಫೋಟೋದಲ್ಲಿ ಏನೂ ಇಲ್ಲ ಅಂದ್ರಲ್ಲ, ಮತ್ತೆ ಯಾಕೆ' ಎನ್ನುತ್ತಾರೆ. ಒಂದು ದಿನದ ಕೂಲಿ ಹೋದರೂ ಸರಿ, ಹೋಗಿ. ಡಾಕ್ಟರ ಮುಂದೆ ಹೀಗೆ ಕೇಳಿ: 'ಸಾರ್, ನಿಂತ್ಕೊಂಡು ಎರಡೂ ಕಾಲಿಂದು ಎಕ್ಸ್-ರೇ ತೆಗೆಸೋದು ಒಳ್ಳೇದಾ? ಅಂಗಾಲಲ್ಲಿ ಕಲೆ ಬಂದಿತ್ತು.' ಕಲೆ ಮಾಸುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಂಡಿದ್ದರೆ ತೋರಿಸಿ. ಮೊದಲ ಎಕ್ಸ್-ರೇಯನ್ನೂ ಮರೆಯದೆ ಒಯ್ಯಿರಿ.

ಸಿಟಿ ಸ್ಕ್ಯಾನ್ ಮೂಳೆಯ ಚೂರುಗಳನ್ನು ಚೆನ್ನಾಗಿ ತೋರಿಸುತ್ತದೆ. ಆಪರೇಷನ್‌ಗೆ ಮೊದಲು ಸಾಮಾನ್ಯವಾಗಿ ಅದನ್ನೇ ಮಾಡಿಸುತ್ತಾರೆ. ಎಂಆರ್‌ಐ ಲಿಗಮೆಂಟ್ ತೋರಿಸುತ್ತದೆ. ಎಕ್ಸ್-ರೇ ಚೆನ್ನಾಗಿದ್ದೂ ಅನುಮಾನ ಬಗೆಹರಿಯದಾಗ ಅದು ಉಪಯೋಗಕ್ಕೆ ಬರುತ್ತದೆ. ಎಲ್ಲರಿಗೂ ಎರಡೂ ಬೇಕಿಲ್ಲ.

ಚಿಕಿತ್ಸೆ: ಮೂಳೆ ಸರಿದಿದೆಯೇ ಇಲ್ಲವೇ

ಎಲ್ಲವೂ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ನಿಂತಾಗಲೂ ಮೂಳೆಗಳು ಸರಿಯದಿದ್ದರೆ ಆಪರೇಷನ್ ಬೇಡ. ಮೊಣಕಾಲಿನ ಕೆಳಗೆ ಪ್ಲಾಸ್ಟರ್ ಅಥವಾ ಪಾದ ಅಲುಗದಂತೆ ಹಿಡಿಯುವ ಆಸ್ಪತ್ರೆಯ ಬೂಟು ಹಾಕಿ, ಸುಮಾರು ಆರು ವಾರ ಆ ಕಾಲಿನ ಮೇಲೆ ಭಾರ ಹಾಕದಂತೆ ಇರಿಸುತ್ತಾರೆ. ನಡುವೆ ಮತ್ತೆ ಎಕ್ಸ್-ರೇ ಮಾಡಿ ಸರಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಬೂಟಿನಲ್ಲಿ ಸ್ವಲ್ಪ ಸ್ವಲ್ಪವೇ ಭಾರ.

ಸರಿದಿದ್ದರೆ ಸುಮ್ನೆ ಪ್ಲಾಸ್ಟರ್ ಹಾಕಿ ಕೂರುವುದು ಸಾಲದು. ಒಳಗೆ ಮೂಳೆ ಮತ್ತೆ ಜಾರುತ್ತದೆ. ಜಾಗಕ್ಕೆ ತಂದು ಸ್ಕ್ರೂ ಅಥವಾ ಪ್ಲೇಟ್ ಹಾಕುತ್ತಾರೆ. ಹೊರಬದಿಯ ನಾಲ್ಕು, ಐದನೇ ಮೆಟಟಾರ್ಸಲ್‌ಗಳಿಗೆ ಹೆಚ್ಚಾಗಿ ತಂತಿ ಹಾಕುತ್ತಾರೆ. ಆ ಸಂದುಗಳು ಅಲುಗಾಡುತ್ತಿರಬೇಕಾದವು. ಆರು ವಾರದ ಆಸುಪಾಸು ತಂತಿ ತೆಗೆಯುತ್ತಾರೆ. ಸ್ಕ್ರೂಗಳನ್ನು ಕೆಲವು ಸರ್ಜನ್ನರು ನಾಲ್ಕೈದು ತಿಂಗಳ ಮೇಲೆ ತೆಗೆಯುತ್ತಾರೆ, ಕೆಲವರು ತೊಂದರೆ ಕೊಡದಿದ್ದರೆ ಬಿಟ್ಟುಬಿಡುತ್ತಾರೆ. ಎರಡೂ ರೂಢಿಯಲ್ಲಿದೆ. ಲಿಗಮೆಂಟ್ ಪೂರ್ತಿ ಹರಿದಿದ್ದರೆ, ಸಂದು ಚೂರುಚೂರಾಗಿದ್ದರೆ, ಒಳಬದಿಯ ಸಂದುಗಳನ್ನು ಮೊದಲ ಸಲವೇ ಶಾಶ್ವತವಾಗಿ ಬೆಸೆಯುವುದೂ ಉಂಟು. 'ಸಂದು ಬೆಸೆದರೆ ಕಾಲು ಕೋಲಾಗುತ್ತದೆಯಾ' ಎಂದು ಹೆದರಬೇಡಿ. ಆ ಸಂದುಗಳು ಮೊದಲೇ ಅಲ್ಪಸ್ವಲ್ಪ ಮಾತ್ರ ಅಲುಗುವಂಥವು. ಹರಡು, ಬೆರಳು ಎಂದಿನಂತೆ ಆಡುತ್ತವೆ.

ಒಂದು ವಿಷಯಕ್ಕೆ ಮನೆಯವರು ಡಾಕ್ಟರ ಮೇಲೆ ಸಿಟ್ಟಾಗುತ್ತಾರೆ: 'ಅಡ್ಮಿಟ್ ಮಾಡಿಕೊಂಡು ವಾರವಾಯಿತು, ಆಪರೇಷನ್ ಮಾಡುತ್ತಿಲ್ಲ.' ಊದಿದ ಪಾದವನ್ನು ಕೊಯ್ದರೆ ಗಾಯ ಕೂಡುವುದಿಲ್ಲ, ಕೀವಾಗುತ್ತದೆ. ಚರ್ಮದಲ್ಲಿ ಮತ್ತೆ ಸುಕ್ಕು ಕಾಣುವವರೆಗೆ, ಕೆಲವೊಮ್ಮೆ ಎರಡು ವಾರದ ತನಕ, ಕಾಯಬೇಕಾಗುತ್ತದೆ. ಕಾಲು ಎತ್ತರದಲ್ಲಿಟ್ಟು ಬಾವು ಇಳಿಸುವುದೇ ಆ ದಿನಗಳ ಕೆಲಸ. ಮೇಲೆ ಹೇಳಿದ ತುರ್ತು ಸಂದರ್ಭಗಳಿಗೆ ಮಾತ್ರ ಈ ಕಾಯುವಿಕೆ ಅನ್ವಯಿಸುವುದಿಲ್ಲ.

ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡಿ. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ, ಮೂಳೆ ಕೂಡುವುದು ನಿಧಾನವಾಗುತ್ತದೆ. ಎಲೆಅಡಿಕೆಯ ಜೊತೆ ಹಾಕುವ ಹೊಗೆಸೊಪ್ಪೂ ಲೆಕ್ಕಕ್ಕೆ ಬರುತ್ತದೆ.

ಖರ್ಚಿನ ವಿಷಯಕ್ಕೆ: ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಯೋಜನೆಯ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತಲ್ಲದ ಆಪರೇಷನ್ನನ್ನು ಖಾಸಗಿಯಲ್ಲಿ ಮಾಡಿಸುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ. ಆಪರೇಷನ್ ಆದ ಮೇಲೆ ಕಾರ್ಡ್ ಹುಡುಕುವುದಲ್ಲ, ಅಡ್ಮಿಟ್ ಆಗುವಾಗಲೇ ತೋರಿಸಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿ ಇದೆಯೇ ಎಂದು ಸೊಸೈಟಿಯಲ್ಲಿ ಕೇಳಿ. ಬೈಕ್ ಅಪಘಾತವಾಗಿದ್ದರೆ ಆಸ್ಪತ್ರೆಯಲ್ಲಿ ಅದನ್ನು ಹಾಗೇ ಬರೆಸಿ. 'ಮನೇಲಿ ಬಿದ್ದೆ' ಎಂದು ಬರೆಸಿದರೆ ವಿಮೆಗೆ ಅಡ್ಡಿಯಾಗುತ್ತದೆ.

ಮನೆಯಲ್ಲಿ ಆರು ವಾರ

ಆರು ವಾರ ಕಾಲು ಊರಬೇಡಿ ಎಂದು ಹೇಳುವುದು ಸುಲಭ. ಮಲೆನಾಡಿನ ಮನೆಯಲ್ಲಿ ಅದನ್ನು ಪಾಲಿಸುವುದು ಸಾಹಸ. ಎತ್ತರದ ಹೊಸ್ತಿಲು, ಜಗಲಿಗೆ ಮೆಟ್ಟಿಲು, ನುಣ್ಣನೆಯ ಕೆಂಪು ಸಿಮೆಂಟ್ ನೆಲ, ಅಂಗಳ ದಾಟಿ ಪಾಯಿಖಾನೆ. ಆಸ್ಪತ್ರೆಯಿಂದ ಬರುವ ಮೊದಲೇ ಮನೆ ಸಿದ್ಧ ಮಾಡಿಸಿ.

ಹಾಸಿಗೆ ನೆಲದ ಮೇಲೆ ಬೇಡ. ಮಂಚ ಇರಲಿ, ಪಾಯಿಖಾನೆಗೆ ಹತ್ತಿರದ ಕೋಣೆಯಲ್ಲಿ. ಮೆತ್ತಿನ ಮೇಲೆ ಮಲಗುವವರು ಕೆಳಗೆ ಬನ್ನಿ. ಇಂಡಿಯನ್ ಕಮೋಡಿನಲ್ಲಿ ಒಂದೇ ಕಾಲಲ್ಲಿ ಕುಕ್ಕರಗಾಲು ಹಾಕಲು ಆಗುವುದಿಲ್ಲ. ನಡುವೆ ತೂತಿರುವ ಕಮೋಡ್ ಕುರ್ಚಿ ಮೆಡಿಕಲ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಪ್ಲಾಸ್ಟರ್ ಹಾಕಿಸಿಕೊಂಡ ದಿನವೇ ತಂದುಬಿಡಿ. ಜನ ಇದನ್ನು ಕೇಳಲು ನಾಚಿಕೊಳ್ಳುತ್ತಾರೆ, ಆಮೇಲೆ ಅಲ್ಲೇ ಕಾಲು ಊರಿ ಕೆಡಿಸಿಕೊಳ್ಳುತ್ತಾರೆ. ಸ್ನಾನಕ್ಕೆ ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ, ಕಾಲು ಇನ್ನೊಂದು ಸ್ಟೂಲಿನ ಮೇಲೆ. ಪ್ಲಾಸ್ಟರ್‌ಗೆ ಪ್ಲಾಸ್ಟಿಕ್ ಚೀಲ ಸುತ್ತಿ ಮೇಲೆ ಟೇಪು ಹಾಕಿ. ಆದರೂ ಒದ್ದೆಯಾದರೆ ಒಲೆ ಮುಂದೆ ಕೂತು ಒಣಗಿಸಬೇಡಿ, ಬದಲಿಸಿಕೊಂಡು ಬನ್ನಿ. ಒಳಗೆ ತುರಿಸಿದರೆ ಪೊರಕೆ ಕಡ್ಡಿ ತೂರಿಸಬೇಡಿ. ಗೀರಿದ ಜಾಗ ಕೀವಾದರೂ ಹೊರಗೆ ಗೊತ್ತಾಗುವುದಿಲ್ಲ.

ಊರುಗೋಲು ಅಳತೆಗೆ ಸರಿಯಾಗಿರಲಿ. ನಿಂತಾಗ ಕಂಕುಳಿಗೂ ಕೋಲಿನ ತಲೆಗೂ ಮಧ್ಯೆ ಎರಡು ಮೂರು ಬೆರಳು ತೂರಬೇಕು. ಮೊಣಕೈ ಸ್ವಲ್ಪ ಬಾಗಿರಬೇಕು. ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳಲ್ಲಿ ನೇತುಬಿದ್ದರೆ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಆಮೇಲೆ ಕೋಲು ಮತ್ತು ನೋವಿನ ಕಾಲು. ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ಕೋಲಿನ ತುದಿಯ ರಬ್ಬರ್ ಸವೆದಿದ್ದರೆ ಬದಲಿಸಿ. ಹೊರಗಿಂದ ಬಂದಾಗ ಅದನ್ನು ಒರೆಸಿ. ಒದ್ದೆ ರಬ್ಬರ್ ಕೆಂಪು ನೆಲದ ಮೇಲೆ ನಿಲ್ಲುವುದೇ ಇಲ್ಲ. ವಯಸ್ಸಾದವರಿಗೆ ಊರುಗೋಲಿಗಿಂತ ವಾಕರ್ ಒಳ್ಳೆಯದು.

ಬೆರಳುಗಳನ್ನು ಮೊದಲ ದಿನದಿಂದಲೇ ಆಡಿಸುತ್ತಿರಿ. ಮೊಣಕಾಲು ಮಡಚಿ ಬಿಚ್ಚಿ. ಕಾಲು ನೇರ ಇಟ್ಟು ತೊಡೆ ಬಿಗಿದು ಎತ್ತಿ ಇಳಿಸಿ. ಮೀನಖಂಡದಲ್ಲಿ ಹೊಸದಾಗಿ ನೋವು, ಬಾವು ಬಂದರೆ ಡಾಕ್ಟರಿಗೆ ಅಂದೇ ತಿಳಿಸಿ. ಅಲುಗಾಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಇದೆ. ಅದರ ಜೊತೆ ಉಸಿರು ಕಟ್ಟಿದರೆ ಕಾಯಬೇಡಿ, 108.

ಅಡಿಕೆ ಸುಲಿಯುವ ಕಾಲದಲ್ಲಿ 'ಕೂತು ಮಾಡುವ ಕೆಲಸ ತಾನೇ' ಎಂದು ಮೆಟ್ಟುಗತ್ತಿ ಮುಂದೆ ಕೂರುವವರಿದ್ದಾರೆ. ಮೊದಲ ಎರಡು ವಾರ ಅದೂ ಬೇಡ. ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂತರೆ ಬಾವು ಇಳಿಯುವುದಿಲ್ಲ. ಆಮೇಲೆ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಅರ್ಧ ಗಂಟೆ ಮಾಡಿ, ಎದ್ದು ಮಲಗಿ, ಮತ್ತೆ ಮಾಡಿ.

ಮತ್ತೆ ನಡೆಯುವುದು

ಪ್ಲಾಸ್ಟರ್ ಬಿಚ್ಚಿದ ದಿನ ಎಲ್ಲರಿಗೂ ಬೇಜಾರಾಗುತ್ತದೆ. ಮೀನಖಂಡ ಸಣ್ಣಗಾಗಿರುತ್ತದೆ, ಚರ್ಮ ಸುಲಿಯುತ್ತಿರುತ್ತದೆ, ಹರಡು ಬಿಗಿದಿರುತ್ತದೆ. ಇದು ಮಾಮೂಲು. ಡಾಕ್ಟರು ಭಾರ ಹಾಕಲು ಒಪ್ಪಿದ ಮೇಲೆ ಬೂಟಿನಲ್ಲಿ, ಎರಡು ಊರುಗೋಲಿನ ಜೊತೆ ಶುರು ಮಾಡಿ. ಮನೆಯ ತಕ್ಕಡಿ ಇದ್ದರೆ ಪಾದ ಅದರ ಮೇಲಿಟ್ಟು ಹತ್ತು ಕಿಲೋ ಎಂದರೆ ಎಷ್ಟು ಒತ್ತಡ ಎಂದು ಅಭ್ಯಾಸ ಮಾಡಿಕೊಳ್ಳಿ. ಎಷ್ಟು ಕಿಲೋದಿಂದ ಶುರು, ವಾರಕ್ಕೆ ಎಷ್ಟು ಏರಿಸಬೇಕು ಎಂಬುದನ್ನು ನಿಮ್ಮ ಡಾಕ್ಟರೋ ಫಿಸಿಯೊ ಅವರೋ ಹೇಳಲಿ.

ವ್ಯಾಯಾಮಗಳು ಸರಳ. ಗಾಳಿಯಲ್ಲಿ ಪಾದದಿಂದ ಅಕ್ಷರ ಬರೆಯಿರಿ. ನೆಲದ ಮೇಲೆ ಹಾಸಿದ ಪಂಚೆಯನ್ನು ಬೆರಳುಗಳಿಂದ ಹತ್ತಿರಕ್ಕೆ ಎಳೆದುಕೊಳ್ಳಿ. ಬೆರಳು ಮಡಚದೆ ಪಾದದ ಕಮಾನನ್ನು ಎತ್ತಲು ಪ್ರಯತ್ನಿಸಿ, ಐದು ಎಣಿಸಿ ಬಿಡಿ. ಇದು ಮೊದಲು ಬರುವುದೇ ಇಲ್ಲ, ಒಳ್ಳೆಯ ಕಾಲಿನಲ್ಲಿ ಕಲಿತುಕೊಳ್ಳಿ. ಆಮೇಲೆ ಅಡುಗೆಕಟ್ಟೆ ಹಿಡಿದು ಎರಡೂ ಹಿಮ್ಮಡಿ ಎತ್ತುವುದು. ತಿಂಗಳುಗಳ ಮೇಲೆ ಒಂದೇ ಕಾಲಿನಲ್ಲಿ. ಮರುದಿನ ಬೆಳಗ್ಗೆ ನೋವು ಹಿಂದಿನ ದಿನಕ್ಕಿಂತ ಜಾಸ್ತಿಯಾದರೆ ನೀವು ಹೆಚ್ಚು ಮಾಡಿದ್ದೀರಿ, ಇಳಿಸಿ. ಸಂಜೆ ಹೊತ್ತು ಸ್ವಲ್ಪ ಬಾವು ಬರುವುದು ತಿಂಗಳುಗಟ್ಟಲೆ ಇರುತ್ತದೆ, ಅದಕ್ಕೆ ಗಾಬರಿ ಬೇಡ.

ಚಪ್ಪಲಿಯ ವಿಷಯದಲ್ಲಿ ನಾನು ಹಟಮಾರಿ. ಹವಾಯಿ ಚಪ್ಪಲಿ ಬೇಡ. ಅದು ಪಾದದ ನಡುವಿನಲ್ಲೇ ಮಡಚುತ್ತದೆ, ಕಮಾನಿಗೆ ಆಸರೆ ಕೊಡುವುದಿಲ್ಲ. ಗಟ್ಟಿ ಅಟ್ಟೆಯ ಶೂ, ಒಳಗೆ ಕಮಾನಿಗೆ ಆಸರೆಯ ಇನ್‌ಸೋಲ್. ಮನೆಯೊಳಗೆ ಚಪ್ಪಲಿ ಹಾಕುವುದು ನಮ್ಮಲ್ಲಿ ರೂಢಿಯಿಲ್ಲ. ಆದರೂ ಒಳಗಡೆಗೆ ಎಂದೇ ಹೊಸ ಜೊತೆ ಇಟ್ಟುಕೊಳ್ಳಿ. ದೇವರ ಕೋಣೆಯ ಮುಂದೆ ಬಿಟ್ಟರಾಯಿತು.

ಬೈಕಿನಲ್ಲಿ ಎಡಗಾಲು ಗೇರು ಎತ್ತುವಾಗ ಭಾರ ಬೀಳುವುದು ಪಾದದ ಮೇಲ್ಭಾಗಕ್ಕೇ. ಬಲಗಾಲಾದರೆ ಬ್ರೇಕು. ಹೆದರಿಕೆಯಿಲ್ಲದೆ ಜೋರಾಗಿ ಬ್ರೇಕ್ ಒತ್ತಲು ಬರುವವರೆಗೆ ಹಿಂದೆ ಕೂತೇ ಹೋಗಿ. ಆಟಕ್ಕೆ ಮರಳಲು ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಅಡಿಕೆ ಕೊನೆ ಕೊಯ್ಯುವವರಿಗೆ ಕಷ್ಟ ಇನ್ನೂ ಜಾಸ್ತಿ. ಕಾಲಿಗೆ ಹಗ್ಗದ ಬಳೆ ಹಾಕಿ ಮರ ಹತ್ತುವಾಗ ಇಡೀ ಮೈಭಾರ ಪಾದದ ನಡುವಿನ ಮೇಲೆ ನಿಲ್ಲುತ್ತದೆ. ಒಂದು ಹಂಗಾಮು ಬಿಡಿ ಎಂದೇ ನಾನು ಹೇಳುವುದು. ಈಗ ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದಿಂದಲೇ ಕೊಯ್ಲು, ಔಷಧಿ ಸಿಂಪಡಣೆ ಆಗುತ್ತಿದೆ. ಅದನ್ನು ಕಲಿತರೆ ಕೂಲಿಯೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ.

ಇದೇ ಜಾಗದ ಇನ್ನು ಮೂರು ತೊಂದರೆ

ಹೊರ ಅಂಚಿನಲ್ಲಿ ಐದನೇ ಮೆಟಟಾರ್ಸಲ್ ಬುಡದ ಮುರಿತ ತುಂಬಾ ಸಾಮಾನ್ಯ. ತುದಿಯ ಚೂರು ಮಾತ್ರ ಕಿತ್ತಿದ್ದರೆ ಗಟ್ಟಿ ಅಟ್ಟೆಯ ಶೂ ಅಥವಾ ಬೂಟಿನಲ್ಲಿ ನಡೆಯುತ್ತಲೇ ಕೂಡುತ್ತದೆ. ಅದಕ್ಕಿಂತ ಸ್ವಲ್ಪ ಮುಂದೆ ಮುರಿದರೆ ಜೋನ್ಸ್ ಫ್ರ್ಯಾಕ್ಚರ್. ರಾಬರ್ಟ್ ಜೋನ್ಸ್ ಎಂಬ ಸರ್ಜನ್ ಕುಣಿಯುವಾಗ ತನ್ನದೇ ಕಾಲು ಮುರಿದುಕೊಂಡು 1902ರಲ್ಲಿ ಅದರ ಬಗ್ಗೆ ಬರೆದ. ಅಲ್ಲಿ ರಕ್ತ ಪೂರೈಕೆ ಕಡಿಮೆ, ಹಾಗಾಗಿ ಕೂಡುವುದು ನಿಧಾನ. ಕೆಲವರಿಗೆ ಸ್ಕ್ರೂ ಬೇಕಾಗುತ್ತದೆ. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಓಟಗಾರರಿಗೆ, ಪೊಲೀಸ್ ಅಥವಾ ಸೇನೆಯ ಭರ್ತಿಗೆ ದಿನಾ ಓಡುವ ಹುಡುಗರಿಗೆ ಬಿದ್ದು ಪೆಟ್ಟಾಗದೆಯೂ ನೇವಿಕ್ಯುಲರ್ ಬಿರುಕು ಬಿಡಬಹುದು. ಓಡಿದಾಗ ಪಾದದ ಮೇಲೆ ಎಲ್ಲೋ ನೋವು, ಕೂತರೆ ಇಲ್ಲ. ಎಕ್ಸ್-ರೇಯಲ್ಲಿ ಹಲವು ಸಲ ಕಾಣುವುದಿಲ್ಲ, ಸಿಟಿ ಅಥವಾ ಎಂಆರ್‌ಐ ಬೇಕು. ಭರ್ತಿ ದಿನಾಂಕ ಹತ್ತಿರ ಬಂದಿದೆ ಎಂದು ನೋವು ನುಂಗಿ ಓಡಿದರೆ ಬಿರುಕು ಪೂರ್ತಿ ಮುರಿತವಾಗುತ್ತದೆ.

ಮೂರನೆಯದು ಸಕ್ಕರೆ ಕಾಯಿಲೆಯವರದು. ವರ್ಷಗಟ್ಟಲೆ ಸಕ್ಕರೆ ಇದ್ದು ಪಾದದ ಸ್ಪರ್ಶ ಕಡಿಮೆಯಾದವರಿಗೆ ಪಾದದ ನಡುವೆ ಇದ್ದಕ್ಕಿದ್ದಂತೆ ಬಾವು, ಕೆಂಪು, ಬಿಸಿ ಬಂದರೆ, ನೋವು ಹೆಚ್ಚಿಲ್ಲದಿದ್ದರೂ, ಅದು ಶಾರ್ಕೊ ಪಾದ ಇರಬಹುದು. ಒಳಗೆ ಮೂಳೆಗಳು ಮೆತ್ತಗಾಗಿ ಮುರಿಯುತ್ತಿರುತ್ತವೆ. ನೋವಿಲ್ಲ ಎಂದು ಅವರು ನಡೆಯುತ್ತಲೇ ಇರುತ್ತಾರೆ. ಕಮಾನು ಕುಸಿದು ಅಂಗಾಲು ಹೊರಕ್ಕೆ ಉಬ್ಬುತ್ತದೆ, ಆ ಉಬ್ಬಿನಲ್ಲಿ ಹುಣ್ಣಾಗುತ್ತದೆ. ಕೈಯ ಹಿಂಭಾಗದಿಂದ ಎರಡೂ ಪಾದ ಮುಟ್ಟಿ ನೋಡಿ. ಒಂದು ಸ್ಪಷ್ಟವಾಗಿ ಬಿಸಿಯಾಗಿದ್ದರೆ ಆ ಕ್ಷಣದಿಂದ ಕಾಲು ಊರದೆ ಡಾಕ್ಟರ ಹತ್ತಿರ ಹೋಗಿ. ಪಾದದ ಅಚ್ಚಿಗೆ ಕೂರುವ ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಇಡುತ್ತಾರೆ. ಇವರಿಗೆ ಐಸ್ ಕೂಡ ಎಚ್ಚರದಿಂದ, ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ವರ್ಷಗಳ ನಂತರದ ನೋವು

ಎಲ್ಲ ಸರಿಯಾಗಿ ಮಾಡಿದರೂ ಕೆಲವರಿಗೆ ಪಾದದ ನಡುವೆ ಸಂದುವಾತ ಬರುತ್ತದೆ. ಮೊದಲ ಸಲ ಮೂಳೆ ಎಷ್ಟು ಕರಾರುವಾಕ್ಕಾಗಿ ಜಾಗಕ್ಕೆ ಬಂದಿತ್ತು ಎಂಬುದರ ಮೇಲೆ ಅದು ತುಂಬಾ ನಿಂತಿದೆ. ಬೆಳಗ್ಗೆ ಮೊದಲ ಹೆಜ್ಜೆಗೆ ಬಿಗಿತ, ಇಳಿಜಾರಿನಲ್ಲಿ ನೋವು, ಪಾದದ ಮೇಲೆ ಮೂಳೆಯ ಸಣ್ಣ ಉಬ್ಬು ಕಾಣುತ್ತದೆ. ಉಬ್ಬಿಗೆ ಒತ್ತದಂತೆ ಶೂ ಲೇಸನ್ನು ಆ ಜಾಗದಲ್ಲಿ ಒಂದು ತೂತು ಬಿಟ್ಟು ಕಟ್ಟಿ. ಮುಂದಕ್ಕೆ ಉರುಳುವಂತೆ ಬಾಗಿದ ಗಟ್ಟಿ ಅಟ್ಟೆಯ ಶೂ ಹಾಕಿದರೆ ಪಾದ ನಡುವೆ ಮಡಚುವುದು ತಪ್ಪುತ್ತದೆ. ತುಂಬಾ ಜನಕ್ಕೆ ಇಷ್ಟರಲ್ಲೇ ನಡೆದುಹೋಗುತ್ತದೆ. ಆಗದವರಿಗೆ ಸಂದಿಗೆ ಇಂಜೆಕ್ಷನ್ ಕೊಡುತ್ತಾರೆ. ಅದೂ ನಿಲ್ಲದಿದ್ದರೆ ಸಂದು ಬೆಸೆಯುವ ಆಪರೇಷನ್. ಅದಾದ ಮೇಲೂ ಮೂಳೆ ಕೂಡುವವರೆಗೆ ಮತ್ತೆ ಆರೆಂಟು ವಾರ ಭಾರ ಹಾಕುವಂತಿಲ್ಲ. ಹಾಗಾಗಿ ಮಳೆಗಾಲ, ಕೊಯ್ಲು ಎರಡನ್ನೂ ನೋಡಿಕೊಂಡು ದಿನ ಗೊತ್ತು ಮಾಡಿ. ಕಮೋಡ್ ಕುರ್ಚಿಯನ್ನು ಅಲ್ಲಿಯವರೆಗೆ ಯಾರಿಗೂ ಕೊಟ್ಟುಬಿಡಬೇಡಿ.